ಧೋಂಡಿಯಾ ವಾಘನ ಹರಕೆ: ಚರಿತ್ರೆಯಲ್ಲಿ ಸಾಹಸಕಥೆಯ ಅಂಶವನ್ನು ಕುರಿತು ಒಂದು ವಿಮರ್ಶೆ

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯಲ್ಲಿ ನೆಲಸಿರುವ ಗಣಪತಿಯನ್ನು ಜನರು ಘಂಟೆ ಗಣಪತಿಯೆಂದು ಕರೆಯುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಹರಕೆ ಹೊತ್ತವನು ತನ್ನ ಇಷ್ಟಾರ್ಥವು ಕೈಗೂಡಿದ ಮೇಲೆ ಮರಳಿ ಬಂದು ದೇವರಿಗೆ ಒಂದು ಘಂಟೆಯನ್ನು ಒಪ್ಪಿಸುವುದು ಅಲ್ಲಿಯ ವಾಡಿಕೆ. ಹೀಗೆ ಒಪ್ಪಿಸಿದ ಘಂಟೆಗಳು ಚಿಕ್ಕವೂ ದೊಡ್ಡವೂ ಆಗಿ ಸಾಲುಸಾಲಾಗಿ ತೂಗುತ್ತಿವೆ. ಅವುಗಳಲ್ಲಿ ಒಂದೊಂದೂ ಈಡೇರಿದ ಒಂದು ಹರಕೆಗೆ ಸಾಕ್ಷಿ. ಈಡೇರದ ಹರಕೆಗೆ ಅಲ್ಲಿ ಘಂಟೆಯಿಲ್ಲ. ಎಷ್ಟು ಮಂದಿ ಹೊತ್ತರು, ಎಷ್ಟು ಮಂದಿ ಬರಿಗೈಯಲ್ಲಿ ಉಳಿದರು ಎಂಬ ಲೆಕ್ಕವನ್ನು ಆ ಸಾಲುಗಳನ್ನು ನೋಡಿ ತೆಗೆಯಲು ಬಾರದು. ಸಾಹಸಪುರುಷರೆಂದು ಹೆಸರಾದವರ ಚರಿತ್ರೆಗಳನ್ನು ಓದುವಾಗಲೆಲ್ಲ ಈ ಘಂಟೆಗಳ ನೆನಪು ನನಗೆ ಬರುತ್ತದೆ. ಏಕೆಂದರೆ ಅಲ್ಲಿಯೂ ಕೈಗೂಡಿದ ಪ್ರತಿಜ್ಞೆಗಳು ಮಾತ್ರ ನಮ್ಮ ಕಿವಿಗೆ ಬೀಳುತ್ತವೆ.

ಚಂದಗುಳಿಯಿಂದ ಬಡಗಲಾಗಿ ಹಳಿಯಾಳ, ಕಿತ್ತೂರು, ಧಾರವಾಡಗಳ ಕಡೆಗೆ ಹರಡಿರುವ ಸೀಮೆಯಲ್ಲಿ 1800ನೆಯ ಇಸವಿಯಲ್ಲಿ ಒಂದು ಹರಕೆ ಈಡೇರಿತೆಂದು ಮರಾಠರ ಚರಿತ್ರೆಗಳು ಹೇಳುತ್ತವೆ. ಹೊತ್ತವನು ಧೋಂಡಿಯಾ ವಾಘ. ಹರಕೆಯೇನೆಂದರೆ, ಪೇಶ್ವೆಯ ಸರದಾರನಾದ ಧೋಂಡೋಪಂತ ಗೋಖಲೆಯ ಎದೆಯ ನೆತ್ತರಿನಿಂದ ತನ್ನ ಮೀಸೆಗೆ ಬಣ್ಣ ಕಟ್ಟುವುದು. ಇದನ್ನು ಓದಿದವನಿಗೆ, ಪೇಟೆಯ ಅಂಗಡಿಗಳಲ್ಲಿ ಬಣ್ಣದ ರಟ್ಟಿನೊಡನೆ ಮಾರಾಟವಾಗುವ ಅಗ್ಗದ ಸಾಹಸ ಕಾದಂಬರಿಯೊಂದರ ಪುಟವನ್ನು ಯಾರೋ ತಪ್ಪಿ ಚರಿತ್ರೆಯೊಳಗೆ ಸೇರಿಸಿ ಹೊಲಿದಂತೆ ಕಾಣುತ್ತದೆ. ಹರಕೆಯೊಂದೇ ಅಲ್ಲ, ಈ ಪುರುಷನ ಜೀವಿತವೆಲ್ಲ ಅದೇ ತರದ್ದು. ಆ ಹೋಲಿಕೆಯು ಎಲ್ಲಿಂದ ಬಂದಿತು, ಅದರಲ್ಲಿ ನಂಬತಕ್ಕುದೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂಗತಿಗಳು. ಧೋಂಡಿಯನು ಚನ್ನಗಿರಿಯಲ್ಲಿ ಹುಟ್ಟಿದ ಮರಾಠಾ ಕುಲದವನು. ಹೈದರಾಲಿಯ ದಂಡಿನಲ್ಲಿ ಸವಾರನಾಗಿದ್ದವನು. ಕಾರ್ನ್‌ವಾಲಿಸನು ಮೈಸೂರಿನ ಮೇಲೆ ದಂಡೆತ್ತಿ ಬಂದ ಯುದ್ಧದ ಕಾಲದಲ್ಲಿ, ಅಂದರೆ 1790ರಿಂದ 1792ರ ಒಳಗೆ, ಅವನು ಟೀಪೂ ಸುಲ್ತಾನನ ಸೇವೆಯನ್ನು ಬಿಟ್ಟು ಬಡಗಣ ಸೀಮೆಗೆ ಓಡಿದನು. ಅಲ್ಲಿ ತನ್ನದೇ ಒಂದು ಗುಂಪನ್ನು ಕಟ್ಟಿ ಹಾವೇರಿ, ಸವಣೂರುಗಳಲ್ಲಿ ಸುಲಿಗೆ ಮಾಡಿ ಕಪ್ಪವನ್ನು ಎತ್ತುತ್ತಿದ್ದನು. 1794ರಲ್ಲಿ ಗೋಖಲೆಯು ಅವನನ್ನು ಸೋಲಿಸಿ ಅಟ್ಟಿದ ಮೇಲೆ ಬೇರೆ ಗತಿಯಿಲ್ಲದೆ ಟೀಪೂವಿನ ಆಶ್ರಯಕ್ಕೇ ಮರಳಿದನು. ಟೀಪೂವು ಅವನನ್ನು ಮತಾಂತರಗೊಳಿಸಿದನು. ಕೆಲವು ಕಾಲದ ಮೇಲೆ ಸೆರೆಯಲ್ಲಿಟ್ಟನು. 1799ನೆಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಸುಲ್ತಾನನು ಮಡಿದಾಗ ಸೆರೆಮನೆಯ ಬಾಗಿಲುಗಳು ತೆರೆದವು. ಗೆದ್ದವರಾಗಲಿ ಸೋತವರಾಗಲಿ ಗಮನಿಸುವಷ್ಟರಲ್ಲಿ ಧೋಂಡಿಯನು ಬಿದನೂರಿನ ಸೀಮೆಯನ್ನು ಸೇರಿ, ಚದರಿದ ಮೈಸೂರಿನ ಸವಾರರನ್ನು ಕೂಡಿಸಿಕೊಂಡು, ತನ್ನನ್ನು ಉಭಯಲೋಕಗಳಿಗೂ ಅಧೀಶ್ವರನೆಂದು ಕರೆದುಕೊಂಡಿದ್ದನು.

ಕುಂಪಣಿಯ ದಂಡುಗಳು ಅವನನ್ನು ಅದೇ ವರ್ಷ ಶಿಕಾರಿಪುರದಿಂದ ಮರಾಠರ ಗಡಿಯಾಚೆಗೆ ಅಟ್ಟಿದವು. ಮುಂದಿನ ವರ್ಷ ಅವನು ಮೊದಲಿಗಿಂತ ಬಲಿಷ್ಠನಾಗಿ ತಲೆಯೆತ್ತಿದನು. 1800ನೆಯ ಜೂನ್ ತಿಂಗಳ ಕೊನೆಯಲ್ಲಿ ಕಿತ್ತೂರಿನ ಬಳಿ ಗೋಖಲೆಯ ದಂಡಿನ ಮೇಲೆ ಬಿದ್ದು ಅವನನ್ನು ಕೊಂದನು. ಅಳಿದುಳಿದ ಮರಾಠಾ ಸವಾರರು ಹಳಿಯಾಳದ ಕೋಟೆಯ ಮರೆಗೆ ಬಂದು ಸೇರಿದರು. ಅಂದು ಪ್ರಾಣ ಉಳಿಸಿಕೊಂಡವರಲ್ಲಿ ಗೋಖಲೆಯ ಸಂಬಂಧಿಯಾದ ಬಾಪೂ ಗೋಖಲೆಯೂ ಒಬ್ಬನು. ಮುಂದೆ 1818ರಲ್ಲಿ ಅಷ್ಟಿಯ ಕಾಳಗದಲ್ಲಿ ಮಡಿದ, ಪೇಶ್ವೆಯ ಕಡೆಯ ಸೇನಾಪತಿಯು ಇವನೇ.

ಆಗ ಮೈಸೂರಿನ ಸೇನೆಯ ಅಧಿಪತಿಯಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ವಯಸ್ಸು 31. ವಾಟರ್‌ಲೂ ಕದನದಿಂದ ಪ್ರಖ್ಯಾತನಾದ ವೆಲಿಂಗ್ಟನ್ನನು ಇವನೇ ಎಂಬುದನ್ನು ಹೇಳಬೇಕಾಗಿಲ್ಲ. ಬಟೇವಿಯಕ್ಕೆ ಹೊರಡುವ ದಂಡಿನ ನಾಯಕತ್ವವು ತನಗೆ ದೊರೆಯುವಂತಿದ್ದರೂ ಧೋಂಡಿಯನ ಕಾರ್ಯವು ಮುಗಿಯಲಿಲ್ಲವೆಂದು ಅವನು ಅದನ್ನು ಬಿಟ್ಟುಕೊಟ್ಟನು. ತುಂಗಭದ್ರೆಯನ್ನು ದಾಟಿ ಜುಲೈ 12ರಂದು ಸವಣೂರನ್ನು ಸೇರಿದನು. ಜುಲೈ 26ರಂದು ಡಂಬಳದ ಕೋಟೆಯನ್ನು ಹಿಡಿದನು. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯ ಎದುರಿನಲ್ಲಿ ಧೋಂಡಿಯನ ಹಿಂದಣ ಪಾಳೆಯವನ್ನು ಹೊಳೆಗೆ ನೂಕಿದನು. ಹಲವರು ನೀರುಪಾಲಾದರು. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ, ನಾಲ್ಕು ರೆಜಿಮೆಂಟುಗಳ ಕುದುರೆದಂಡನ್ನು ಒಂದೇ ಸಾಲಾಗಿ ನಿಲ್ಲಿಸಿ, ಸುಮಾರು 5,000 ಸವಾರರ ಮೇಲೆ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯನು ಅಲ್ಲಿ ಬಿದ್ದನು. ಅವನ ಹೆಣವನ್ನು ಗುರುತು ಹಿಡಿದು, ಫಿರಂಗಿಯ ಗಾಡಿಯೊಂದಕ್ಕೆ ಕಟ್ಟಿ ಪಾಳೆಯಕ್ಕೆ ತಂದರು.

ಈಗ ಹರಕೆಯ ಮಾತಿಗೆ ಬರೋಣ. ಕನ್ನಡದ ವಾಚಕನು ಈ ಕಥೆಯನ್ನು ಕೇಳಿದೊಡನೆ, ಇದನ್ನು ಎಲ್ಲಿಯೋ ಕೇಳಿದ್ದೇನೆ ಎನ್ನದಿರನು. ಶತ್ರುವಿನ ಎದೆಯ ನೆತ್ತರು, ಅದರಿಂದ ಬಣ್ಣವೇರಬೇಕಾದ ಕೂದಲು, ತುಂಬಿದ ಸಭೆಯ ಅವಮಾನದಿಂದ ಹುಟ್ಟಿದ ಪ್ರತಿಜ್ಞೆ, ಹಲವು ವರ್ಷಗಳ ಕಾಯುವಿಕೆ: ಇವೆಲ್ಲ ದುಶ್ಶಾಸನವಧೆಯ ಅಂಗಗಳು. ದ್ರೌಪದಿಯ ಮುಡಿಯ ಸ್ಥಾನದಲ್ಲಿ ಧೋಂಡಿಯನ ಮೀಸೆ ಬಂದಿದೆ, ಸಭೆಯ ಸ್ಥಾನದಲ್ಲಿ 1794ರ ಸೋಲು ಬಂದಿದೆ, ಅಷ್ಟೇ ವ್ಯತ್ಯಾಸ. ಇಷ್ಟು ಅಚ್ಚುಕಟ್ಟಾದ ಹೋಲಿಕೆಯು ವಿಮರ್ಶಕನಲ್ಲಿ ಸಂಶಯವನ್ನು ಹುಟ್ಟಿಸಬೇಕು. ಗೋಖಲೆಯನ್ನು ಧೋಂಡಿಯನು ಕೊಂದದ್ದು ನಿಶ್ಚಯ. ಅವರಿಬ್ಬರಿಗೂ ಹಳೆಯ ಹಗೆಯಿದ್ದುದೂ ನಿಶ್ಚಯ. ಈ ಎರಡು ಗೂಟಗಳ ನಡುವೆ ಭಾರತದ ಕಥೆಯನ್ನು ಬಲ್ಲ ಯಾವನಾದರೂ ಹಗ್ಗವನ್ನು ಬಿಗಿಯಬಲ್ಲನು.

ಹಾಗೆಂದು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಇನ್ನೊಂದು ಸಾಧ್ಯತೆಯುಂಟು. ಚನ್ನಗಿರಿಯ ಸೀಮೆಯಲ್ಲಿ ಬೆಳೆದವನು ಬಯಲಾಟದ ಭೀಮನನ್ನು ನೋಡದೆ ಇದ್ದಾನೆಯೆ? ರಾತ್ರಿಯಿಡೀ ಕುಳಿತು, ಬೆಳಗಿನ ಜಾವದಲ್ಲಿ ಆ ವಧೆಯನ್ನು ಕಣ್ಣಾರೆ ಕಂಡವನು, ತನಗೂ ಅಂಥ ದಿನವೊಂದು ಒದಗಿದಾಗ ಅದನ್ನೇ ಆಡಿ ತೋರಿಸಿರಬಹುದು. ಕಥೆಯು ಜೀವಿತದಿಂದ ಹುಟ್ಟುವಂತೆ ಜೀವಿತವೂ ಕಥೆಯಿಂದ ಹುಟ್ಟುತ್ತದೆ. ಇದು ಊಹೆ, ಊಹೆಯೆಂದೇ ವಾಚಕರು ಎಣಿಸಲಿ.

ಸಾಹಸವೆಂಬ ಶಬ್ದವೇ ಈ ಸಂದರ್ಭದಲ್ಲಿ ಪರೀಕ್ಷಾರ್ಹವಾಗಿದೆ. ಧರ್ಮಶಾಸ್ತ್ರಕಾರರ ವ್ಯವಹಾರಪ್ರಕರಣಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಎಸಗಿದ ಅಪರಾಧ; ಕೊಲೆ, ಸುಲಿಗೆಗಳು ಅದರಲ್ಲಿ ಸೇರಿವೆ. ನಮ್ಮ ಕವಿಗಳಲ್ಲಿ ಅದೇ ಶಬ್ದವು ಪರಾಕ್ರಮವಾಚಕ. ರನ್ನನು ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಅಭೇದವಾಗಿ ಕಲ್ಪಿಸಿ ಬರೆದ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದೇ ಇನ್ನೊಂದು ಹೆಸರು. ನ್ಯಾಯಾಧಿಕಾರಿಯ ಬಾಯಲ್ಲಿ ದಂಡನಾರ್ಹವಾದದ್ದು ಕವಿಯ ಬಾಯಲ್ಲಿ ಬಿರುದಾಯಿತು. ಧೋಂಡಿಯನನ್ನು ಕುಂಪಣಿಯ ಕಾಗದಗಳು ಮೊದಲನೆಯ ಅರ್ಥದಲ್ಲಿ ಸಾಹಸಿಯೆಂದವು. ಈಚಿನವರಲ್ಲಿ ಹಲವರು ಎರಡನೆಯ ಅರ್ಥದಲ್ಲಿ ಎನ್ನಲು ಆತುರಪಡುತ್ತಾರೆ. ಎರಡು ಪಕ್ಷದವರೂ ಒಬ್ಬ ಮನುಷ್ಯನ ಎದೆಗಾರಿಕೆಯನ್ನೇ ನೋಡುತ್ತಿದ್ದಾರಲ್ಲದೆ ಅವನ ಹಿಂದೆ ಕುದುರೆಯೇರಿ ಬಂದ ಸಾವಿರಾರು ಮಂದಿಯ ಕಡೆಗೆ ತಿರುಗುವುದಿಲ್ಲ.

ಆ ಸಾವಿರಾರು ಮಂದಿ ಯಾರು? 1799ರ ಮೇ ತಿಂಗಳಲ್ಲಿ ಒಂದು ರಾಜ್ಯದ ದಂಡೆಲ್ಲ ಸಂಬಳವಿಲ್ಲದೆ ಬೀದಿಗೆ ಬಿದ್ದಿತು. ಕುದುರೆಯುಳ್ಳವನು ಕುದುರೆಗೆ ಹುರುಳಿ ಹಾಕಲೇಬೇಕು. ಬೇಸಾಯಕ್ಕೆ ನೆಲವಿಲ್ಲ, ಹೊಸ ಸರಕಾರವು ಇಷ್ಟು ಮಂದಿಯನ್ನು ಚಾಕರಿಗೆ ಸೇರಿಸಿಕೊಳ್ಳುವಂತಿರಲಿಲ್ಲ. ಇಂಥವರಿಗೆ ಒಬ್ಬ ನಾಯಕನು ಬೇಕಾಗಿದ್ದನು. ಸೆರೆಯಿಂದ ಹೊರಬಿದ್ದ ಧೋಂಡಿಯನು ಒದಗಿದನು. ಉಭಯಲೋಕಾಧೀಶ್ವರನೆಂಬ ಬಿರುದನ್ನು ಆಂಗ್ಲ ಲೇಖಕರು ನಗೆಯಾಡಿ ಬರೆಯುವುದು ರೂಢಿ. ನನಗೆ ಅದು ಹುಚ್ಚು ಜಂಬವಾಗಿ ತೋರುವುದಿಲ್ಲ. ಕೊಡಲು ಕೈಯಲ್ಲಿ ಸಂಬಳವಿಲ್ಲದ ದೊರೆಯು ದೊಡ್ಡ ಬಿರುದನ್ನಾದರೂ ತೋರಿಸಬೇಡವೆ? ಈ ಲೋಕದ ತಿಂಗಳ ಸಂಬಳವು ಬಾಕಿ ನಿಂತಾಗ ಇನ್ನೊಂದು ಲೋಕವು ಕೈಗಾವಲಿಗೆ ಇದ್ದರೆ ಒಳಿತು.

ಅವನನ್ನು ಕುರಿತು ನಾವು ಬಲ್ಲುದರಲ್ಲಿ ಬಹುಭಾಗವು ಅವನನ್ನು ಬೇಟೆಯಾಡಿದವನ ಕೈಬರಹ. ವೆಲ್ಲೆಸ್ಲಿಯ ಪತ್ರಗಳನ್ನು ಗರ್ವುಡ್ಡನು 1834ರಿಂದ ಮೊದಲ್ಗೊಂಡು ಸಂಪುಟಗಳಾಗಿ ಅಚ್ಚುಹಾಕಿಸಿದನು. ಅವುಗಳಲ್ಲಿ ಎರಡು ಸ್ವರಗಳಿವೆ. ವಿಮರ್ಶಕರು ಇವೆರಡನ್ನೂ ಬೇರ್ಪಡಿಸದೆ ಉಪಯೋಗಿಸುವುದು ದೊಡ್ಡ ದೋಷ. ಒಂದು, ತನ್ನ ನಡತೆಯು ಮುಂದಿನವರಿಗೆ ಹೇಗೆ ಕಾಣುವುದೆಂದು ಬಲ್ಲವನ ಸ್ವರ. ಧೋಂಡಿಯನನ್ನು ಗುಟ್ಟಾಗಿ ಕೊಲ್ಲಿಸಿಕೊಡುವೆನೆಂದು ಒಬ್ಬನು ಮುಂದೆ ಬಂದಾಗ ವೆಲ್ಲೆಸ್ಲಿಯು ಒಪ್ಪಲಿಲ್ಲ. ಡಂಗುರ ಸಾರಿ ತಲೆಗೆ ಬೆಲೆ ಕಟ್ಟುವುದು ಒಂದು, ಒಳಗಿಂದೊಳಗೆ ಕೊಲೆಯ ಬೆಲೆಯನ್ನು ಕುದುರಿಸುವುದು ಇನ್ನೊಂದು. ದಂಡಿನ ನಾಯಕನಿಗೆ ಎರಡನೆಯದು ತಕ್ಕುದಲ್ಲ ಎಂಬುದು ಅವನ ಅಭಿಪ್ರಾಯ. ಉದಾತ್ತವಾದ ಮಾತೇ. ಆದರೂ ಮೊದಲನೆಯದನ್ನು ಅವನು ತಪ್ಪೆನ್ನಲಿಲ್ಲ ಎಂಬುದನ್ನು ಈ ಪತ್ರವನ್ನು ಹೊಗಳುವವರು ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಬೆಲೆ ಕಟ್ಟಿದ ತಲೆಗೆ, ಕೊಲ್ಲುವ ಕೈಯು ಬಹಿರಂಗದ್ದೋ ಗುಟ್ಟಿನದ್ದೋ ಎಂಬ ಭೇದವು ಎಷ್ಟರಮಟ್ಟಿಗೆ ಸಮಾಧಾನ ತರುವುದೋ ತಿಳಿಯದು.

ಇನ್ನೊಂದು ಸ್ವರವು ಎತ್ತು, ಅಕ್ಕಿ, ಹರಿಗೋಲುಗಳದ್ದು. ಹೊಳೆಗಳು ತುಂಬಿ ಹರಿಯುವ ಮಳೆಗಾಲದಲ್ಲಿ ದಂಡನ್ನು ದಾಟಿಸಲು ಹರಿಗೋಲುಗಳು ಸಾಲವು. ಹೇರಿನ ಎತ್ತುಗಳು ಸೋತಿವೆ. ದವಸವನ್ನು ಹೊತ್ತು ತರಬೇಕಾದ ಲಂಬಾಣಿಗರು ತಡಮಾಡುತ್ತಾರೆ. ಇದನ್ನು ಕುರಿತು ಅವನು ಬರೆದುದಕ್ಕೆ ಲೆಕ್ಕವಿಲ್ಲ. ಕೆನರಾದ ಮೊದಲನೆಯ ಕಲೆಕ್ಟರನಾಗಿದ್ದ ಮನ್ರೋವಿಗೆ ಬರೆದ ಕಾಗದಗಳೂ ಈ ಕಾಲದವು. ಸಾಹಸಕಥೆಯ ಓದುಗನು ಇಂಥ ಪುಟಗಳನ್ನು ಆಕಳಿಸುತ್ತ ಹಾರಿಸುವನು. ನನ್ನ ಅಭಿಪ್ರಾಯದಲ್ಲಿ ಚರಿತ್ರೆಯಿರುವುದು ಇವುಗಳಲ್ಲಿಯೇ. ಕೋಣಗಲ್ಲಿನ ಒಂದು ಮುಂಜಾನೆಯ ನುಗ್ಗಾಟಕ್ಕಿಂತ ಮೊದಲು ಎರಡು ತಿಂಗಳುಗಳ ಎತ್ತಿನ ಹೇರುಗಳಿವೆ. ಧೋಂಡಿಯನು ಸೋತದ್ದು ಧೈರ್ಯ ಸಾಲದೆ ಅಲ್ಲ. ಅವನಿಗೆ ದವಸವನ್ನು ಹೊತ್ತು ತರುವವರಿರಲಿಲ್ಲ. ಅವನ ಉಗ್ರಾಣವು ಎದುರಿಗೆ ಸಿಕ್ಕಿದ ಹಳ್ಳಿಯ ಕಣಜವೇ ಆಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಗೆದ್ದವನ ಕಥೆಗೆ ಒಂದು ಉಪಸಂಹಾರವೂ ದೊರೆಯಿತು. ಕಾಳಗದ ಮೇಲೆ ಧೋಂಡಿಯನ ಸಾಮಾನುಗಳ ನಡುವೆ ಸಲಾಬತ್ ಖಾನನೆಂಬ, ಸುಮಾರು ನಾಲ್ಕು ವರ್ಷದ ಹುಡುಗನು ಸಿಕ್ಕಿದನು. ಅವನು ಧೋಂಡಿಯನ ಸಾಕುಮಗನೆಂದು ಹೇಳುತ್ತಾರೆ. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ತರಿಸಿ ಸಲಹಿದನು. 1805ರಲ್ಲಿ ಹಿಂದೂದೇಶವನ್ನು ಬಿಟ್ಟು ಹೊರಟಾಗ ಅವನ ಪೋಷಣೆಗೆಂದು ಹಣವನ್ನೂ ಇರಿಸಿ ಹೋದನು. ಅಗ್ಗದ ಕಾದಂಬರಿಯಾಗಿದ್ದರೆ ಈ ಹುಡುಗನು ಇಪ್ಪತ್ತನೆಯ ವಯಸ್ಸಿಗೆ ಕತ್ತಿ ಹಿರಿದು ಸೇಡು ತೀರಿಸಿಕೊಳ್ಳುವನು, ಇಲ್ಲವೆ ಸಾಕಿದವನ ಪ್ರಾಣವನ್ನು ಉಳಿಸುವನು. ಸಲಾಬತ್ ಖಾನನು ಮೈಸೂರಿನ ಮಹಾರಾಜರ ಚಾಕರಿಯನ್ನು ಸೇರಿ, 1822ರಲ್ಲಿ ವಾಂತಿಭೇದಿಯ ರೋಗದಿಂದ ತೀರಿಕೊಂಡನು. ಅವನ ಬಾಯಿಂದ ಬಂದ ಒಂದು ಮಾತೂ ನಮಗೆ ಉಳಿದಿಲ್ಲ.

ಪಾಶ್ಚಾತ್ಯ ಕಾದಂಬರಿಕಾರರು ಮೈಸೂರಿನ ಈ ಕಾಲವನ್ನು ಚೆನ್ನಾಗಿಯೇ ಕೊಳ್ಳೆ ಹೊಡೆದಿದ್ದಾರೆ. ಹಿಂದೂದೇಶವನ್ನು ಒಮ್ಮೆಯೂ ಕಾಣದ ವಾಲ್ಟರ್ ಸ್ಕಾಟನು 1827ರಲ್ಲಿ ಹೈದರಾಲಿಯನ್ನು ಫಕೀರನ ವೇಷದಲ್ಲಿ ತಂದನು. ಫ್ರೆಂಚರ ಜೂಲ್ಸ್ ವರ್ನನು 1875ರ ಹೊತ್ತಿಗೆ ತನ್ನ ಜಲಾಂತರ್ನೌಕೆಯ ನಾಯಕನಾದ ನೇಮೋವನ್ನು ಬುಂದೇಲಖಂಡದ ರಾಜಪುತ್ರನೆಂದೂ ಟೀಪೂವಿನ ಸಂಬಂಧಿಯೆಂದೂ ಪ್ರಕಟಿಸಿದನು. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಆ ನೆಂಟಸ್ತಿಕೆಯು ಹೇಗೆ ಒದಗಿತೆಂದು ಕೇಳುವುದು ಅರಸಿಕತೆ. ಆ ಕಾದಂಬರಿಕಾರರಿಗೆ ಟೀಪೂವೆಂಬ ಹೆಸರಿನ ಕಾವು ಮಾತ್ರ ಬೇಕಾಗಿದ್ದಿತು. ನಮ್ಮಲ್ಲಿ ಐತಿಹಾಸಿಕ ಕಾದಂಬರಿಯ ಒಂದು ಮುಖ್ಯ ಒರತೆಯು ಹಾವೇರಿಯ ಸೀಮೆಯಲ್ಲಿ, ಗಳಗನಾಥರ ಲೇಖಣಿಯಿಂದ ಮೂಡಿತು. ಧೋಂಡಿಯನು ಕಪ್ಪವೆತ್ತಿದ ಸೀಮೆಯೂ ಅದೇ. ಗಳಗನಾಥರ ಒಲವು ಮಾತ್ರ ವಿಜಯನಗರದ ವೈಭವ, ಮರಾಠರ ಪ್ರತಾಪಗಳ ಕಡೆಗೆ ಹರಿಯಿತು. ತಮ್ಮ ಊರಿನ ಕಣಜವನ್ನು ಬರಿದುಮಾಡಿದವನಲ್ಲಿ ನಾಯಕನನ್ನು ಕಾಣುವುದು ಅವರಂಥವರಿಗೆ ಸುಲಭವಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾಹಸಿಗಳೆಲ್ಲರ ಬರವಣಿಗೆಯೂ ಒಂದೇ ಬಗೆಯಾಗಿರುವುದಿಲ್ಲವೆಂಬುದಕ್ಕೆ ಪಿಯೆತ್ರೋ ದೆಲ್ಲಾ ವಾಲ್ಲೆಯನ್ನು ನೆನೆಯಬೇಕು. ರೋಮಿನ ಈ ಕುಲೀನನು ಪರ್ಷಿಯದಲ್ಲಿ ತೀರಿಕೊಂಡ ತನ್ನ ಹೆಂಡತಿಯ ದೇಹವನ್ನು ಕೆಡದಂತೆ ಮಾಡಿಸಿ, ವರ್ಷಗಟ್ಟಲೆ ದೇಶದಿಂದ ದೇಶಕ್ಕೆ ಸಾಗಿಸಿ, ಕಡೆಗೆ ರೋಮಿನಲ್ಲಿ ಸಮಾಧಿ ಮಾಡಿದನು. ಇದಕ್ಕಿಂತ ಮಿಗಿಲಾದ ಸಾಹಸಕಥೆಯನ್ನು ಕಲ್ಪಿಸುವುದು ಕಷ್ಟ. ಅವನೇ 1623ರಲ್ಲಿ ಗೋವೆಯ ಪೋರ್ಚುಗೀಜರ ರಾಯಭಾರಿಯ ಸಂಗಡ ಹೊನ್ನಾವರಕ್ಕೆ ಬಂದು, ಗೇರಸೊಪ್ಪೆಯವರೆಗೆ ಹೊಳೆಯಲ್ಲಿ ಸಾಗಿ, ಘಟ್ಟವನ್ನೇರಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ಸೇರಿದನು. ಆ ಪ್ರಯಾಣದ ಪತ್ರಗಳಲ್ಲಿ ಅವನು ತನ್ನ ಧೈರ್ಯವನ್ನು ವರ್ಣಿಸುತ್ತ ಕೂಡುವುದಿಲ್ಲ. ಘಟ್ಟದ ದಾರಿಯಲ್ಲಿ ದೇವಸ್ಥಾನದ ಜಗುಲಿಯೊಂದರ ಮೇಲೆ ಕೆಲವು ಹುಡುಗರು ನೆಲದಲ್ಲಿ ಮರಳು ಹರಡಿ, ಬೆರಳಿನಿಂದ ಅಂಕೆಗಳನ್ನು ತಿದ್ದಿ, ರಾಗವಾಗಿ ಒಟ್ಟಿಗೆ ಬಾಯಿಪಾಠ ಮಾಡುತ್ತಿದ್ದುದನ್ನು ನಿಂತು ನೋಡಿ, ಅದನ್ನು ವಿವರವಾಗಿ ಬರೆದಿಟ್ಟನು. ಮುಂದೆ ತುಳುನಾಡಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆಯು ಸಿಂಹಾಸನದ ಮೇಲಿರಲಿಲ್ಲ. ನೀರು ಹರಿಸಲು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು, ಸಾದಾ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಪೋರ್ಚುಗೀಜರನ್ನು ಎದುರಿಸಿದ ಅಬ್ಬಕ್ಕನ ಊರಿನ ರಾಣಿಯ ಕೈಯಲ್ಲಿ ಬೆಂಕಿಯ ಬಾಣವನ್ನೇ ಕಾಣಬಯಸುವ ನಾವು ಈ ಕಾಲುವೆಯನ್ನು ಬೇಗ ಮರೆಯುತ್ತೇವೆ. ಕಣ್ಣಾರೆ ಕಂಡವನು ಮರೆಯಲಿಲ್ಲ.

ಕಡೆಯದಾಗಿ ಸಂಗೊಳ್ಳಿ ರಾಯಣ್ಣನ ಮಾತು. ಧೋಂಡಿಯನು ಗೋಖಲೆಯನ್ನು ಕೊಂದ ಕಿತ್ತೂರಿನ ಸೀಮೆಯಲ್ಲಿಯೇ ಅವನು ಮೂವತ್ತು ವರ್ಷಗಳ ಮೇಲೆ ಕುಂಪಣಿಯ ಮೇಲೆ ಎದ್ದನು. ಅವನೂ ಕಾಡನ್ನು ಆಶ್ರಯಿಸಿದನು, ಕಚೇರಿಗಳನ್ನು ಸುಟ್ಟನು, ಖಜಾನೆಗಳನ್ನು ದೋಚಿದನು. ಕುಂಪಣಿಯ ಕಾಗದಗಳಲ್ಲಿ ಇವರಿಬ್ಬರಿಗೂ ದೊರೆತ ಹೆಸರು ಹೆಚ್ಚುಕಡಿಮೆ ಒಂದೇ. ರಾಯಣ್ಣನನ್ನು 1830ರ ಏಪ್ರಿಲಿನಲ್ಲಿ ಮೋಸದಿಂದ ಹಿಡಿದು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಕತ್ತಿಯು ಕೈತಪ್ಪಿತೆಂದು ಲಾವಣಿಗಳು ಹಾಡುತ್ತವೆ. ಈ ಸನ್ನಿವೇಶವೂ ಕಥೆಯ ಅಚ್ಚಿನಲ್ಲಿ ಎರಕವಾದಂತಿದೆಯೆಂದು ಯಾವನಾದರೂ ಆಕ್ಷೇಪಿಸಿದರೆ ನಾನು ಅಲ್ಲಗಳೆಯಲಾರೆನು. ಮೀಸೆಯ ಹರಕೆಗೆ ಹಿಡಿದ ಒರೆಗಲ್ಲನ್ನು ಇದಕ್ಕೂ ಹಿಡಿಯಬೇಕಾದದ್ದೇ. ಹಾಗಿದ್ದರೂ ಒಂದು ಭೇದವು ಉಳಿಯುತ್ತದೆ. ರಾಯಣ್ಣನ ಜಗಳವು ನೆಲದ್ದು. ಕಿತ್ತೂರಿನ ಸಂಸ್ಥಾನವು ಹೋದ ಮೇಲೆ ಅವನ ಹೊಲವನ್ನು ಸರಕಾರವು ವಶಪಡಿಸಿಕೊಂಡಿತು, ಉಳಿದುದಕ್ಕೆ ಕಂದಾಯವನ್ನು ಏರಿಸಿತು ಎಂದು ಹೇಳುತ್ತಾರೆ. ಅವನು ಸುಟ್ಟದ್ದು ಕಂದಾಯದ ಲೆಕ್ಕವಿದ್ದ ಕಚೇರಿಗಳನ್ನು. ಅವನ ಗುಂಪಿಗೆ ಊರವರ ಮನೆಗಳಿಂದ ರೊಟ್ಟಿ ಬರುತ್ತಿದ್ದಿತು. ಇಲ್ಲದಿದ್ದರೆ ಮೋಸವಿಲ್ಲದೆ ಹಿಡಿಯಲಾಗದಷ್ಟು ಕಾಲ ಅವನು ಅಲ್ಲಿ ನಿಲ್ಲಲಾರನು. ಧೋಂಡಿಯನ ಸವಾರರು ಅದೇ ಹಳ್ಳಿಗಳ ಕಣಜಗಳನ್ನು ತಾವೇ ತೆರೆದುಕೊಂಡಿದ್ದರು.

ಈ ಭೇದವನ್ನು ಚರಿತ್ರಕಾರರಿಗಿಂತ ಮೊದಲು ಗುರುತಿಸಿದವರು ಆ ಸೀಮೆಯ ಜನರು. ಧೋಂಡಿಯನ ಶೌರ್ಯವು ರಾಯಣ್ಣನದಕ್ಕಿಂತ ಕಡಿಮೆಯಾದದ್ದಲ್ಲ. ಅವನ ದಂಡು ಬಹಳ ದೊಡ್ಡದು, ಅವನ ಶತ್ರುವು ಜಗತ್ಪ್ರಸಿದ್ಧನು, ಅವನ ಮರಣವು ಕುದುರೆಯ ಮೇಲೆ ಕತ್ತಿ ಹಿಡಿದು ಬಂದದ್ದು. ಸಾಹಸಕಥೆಯ ಲಕ್ಷಣಗಳನ್ನು ಒಂದೊಂದಾಗಿ ಎಣಿಸಿದರೆ ಗೆಲ್ಲುವವನು ಅವನೇ. ಆದರೂ ಅವನ ಹೆಸರಿನಲ್ಲಿ ಹರಕೆ ಹೊರುವವರನ್ನು ನಾನು ಈ ಸೀಮೆಯಲ್ಲಿ ಎಲ್ಲಿಯೂ ಕಂಡಿಲ್ಲ. ಹಳಿಯಾಳದಿಂದ ಹೆಚ್ಚು ದೂರವಲ್ಲದ ನಂದಗಡದಲ್ಲಿ, ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ, ಮಕ್ಕಳಿಲ್ಲದ ಹೆಂಗಸರು ಬಂದು ತೊಟ್ಟಿಲನ್ನು ಕಟ್ಟಿ ಹೋಗುತ್ತಾರೆ. ಚಂದಗುಳಿಯ ಘಂಟೆಯಂತೆ ಅದು ಕೈಗೂಡಿದ ಮೇಲೆ ಒಪ್ಪಿಸುವುದಲ್ಲ. ಕೈಗೂಡುವ ಮೊದಲೇ ಕಟ್ಟುವ ತೊಟ್ಟಿಲು.